ಎದುರು ಮನೆ ಗಾಜಿನಿಂದ ಸಂಜೆ ನಾಲ್ಕಕ್ಕೆ ಬಿಸಿಲು: ಬೆಂಕಿ ಹತ್ತುತ್ತದಾ, ಕನ್ನಡಿ ತೂಗುಹಾಕಿದರೆ ಹೋಗುತ್ತದಾ?

ಪ್ರಶ್ನೆ: ಸರ್, ಮೈಸೂರಿನಲ್ಲಿ ನಮ್ಮದು ಪೂರ್ವ ದಿಕ್ಕಿನ ಬಾಗಿಲಿರುವ ಒಂದೇ ಅಂತಸ್ತಿನ ಮನೆ. ಮುಂದೆ 30 ಅಡಿ ರಸ್ತೆ. ಎದುರು ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ ಇರುವ ಕಟ್ಟಡ ಎದ್ದಿದೆ. ಅಗಲ 40 ಅಡಿ, ಎತ್ತರ ಸುಮಾರು 45 ಅಡಿ. ಮುಂಭಾಗ ಪೂರ್ತಿ ನೀಲಿ ಕನ್ನಡಿ ಗಾಜು. ಆ ಗಾಜಿಗೂ ನಮ್ಮ ಹಾಲಿನ ಕಿಟಕಿಗೂ 50 ಅಡಿ ಇರಬಹುದು. ಸಂಕ್ರಾಂತಿ ತನಕ ಏನೂ ತೊಂದರೆ ಇರಲಿಲ್ಲ. ಶಿವರಾತ್ರಿ ಹೊತ್ತಿಗೆ ಶುರುವಾಯಿತು. ಈಗ ಮಾರ್ಚ್‌ನಲ್ಲಿ ದಿನಾ ಸಂಜೆ ನಾಲ್ಕರಿಂದ ಐದೂವರೆ ತನಕ ಹಾಲಿನೊಳಗೆ ಕಣ್ಣು ಕುಕ್ಕುವ ಬಿಸಿಲು. ಅತ್ತೆಗೆ ಈಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಅವರು ಕೂರುವ ಕುರ್ಚಿ ಅಲ್ಲೇ. ಗೋಡೆ ಮೇಲೆ ಬಿಲ್ಲಿನ ಹಾಗೆ ಬಾಗಿದ ಬೆಳಕಿನ ಗೆರೆಗಳೂ ಬೀಳುತ್ತವೆ. ಲಂಡನ್ನಿನಲ್ಲಿ ಇಂಥ ಕಟ್ಟಡದಿಂದ ಕಾರು ಕರಗಿತು, ನಿಮ್ಮ ಪರದೆಗೂ ಬೆಂಕಿ ಹತ್ತೀತು ಎಂದು ಮೈದುನ ಹೆದರಿಸುತ್ತಾನೆ. ಬಾಗಿಲ ಮೇಲೆ ಒಂದು ಕನ್ನಡಿ ತೂಗುಹಾಕಿ, ಬಂದದ್ದು ಅವರಿಗೇ ವಾಪಸ್ ಹೋಗುತ್ತದೆ ಎಂದು ವಾಸ್ತು ನೋಡುವವರು ಹೇಳಿದ್ದಾರೆ. ಎದುರು ಮನೆಯವರನ್ನು ಕೇಳಿದರೆ, "ಡಿಸೆಂಬರ್‌ನಲ್ಲೂ ಇದೇ ಗಾಜು ಇತ್ತಲ್ಲ, ಆಗ ಇಲ್ಲದ ಬಿಸಿಲು ಈಗ ಎಲ್ಲಿಂದ ಬಂತು?" ಅನ್ನುತ್ತಾರೆ. ಇದು ವರ್ಷವಿಡೀ ಇರುತ್ತದಾ? ಏನು ಮಾಡಬಹುದು?

ಉತ್ತರ: ಮೇಡಂ, ನೀವು ಅಳತೆ ಮತ್ತು ಹೊತ್ತು ಎರಡನ್ನೂ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಗಾಜಿನ ಕಟ್ಟಡಗಳ ಬೆಳಕಿನ ಲೆಕ್ಕ ಹಾಕುವುದೇ ನನ್ನ ಕೆಲಸ. ಇಂಥ ದೂರು ಬಂದಾಗ "ತುಂಬಾ ಬಿಸಿಲು ಸರ್" ಎಂಬುದಕ್ಕಿಂತ ಜಾಸ್ತಿ ಮಾಹಿತಿ ಸಿಗುವುದೇ ಅಪರೂಪ. ನಿಮ್ಮ ಅಳತೆ ಇಟ್ಟುಕೊಂಡರೆ ಈ ಬಿಸಿಲು ಯಾವ ಮಹಡಿಯ ಗಾಜಿನಿಂದ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಾಗದದ ಮೇಲೇ ಹೇಳಬಹುದು. ಹಾಗೆ ಹೇಳಲು ಆಗುವುದರಿಂದಲೇ ಪರಿಹಾರವೂ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು.

ಮೊದಲು ಅತ್ತೆಯ ವಿಷಯ. ಅವರ ಕುರ್ಚಿಯನ್ನು ಇವತ್ತೇ ಜರುಗಿಸಿ. ಈ ಗಾಜು ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ತಿರುಗಿಸುತ್ತಿದ್ದರೂ ಗಾಜಿನಲ್ಲಿ ಕಾಣುವ ಸೂರ್ಯಬಿಂಬವನ್ನು ಯಾರೂ ದಿಟ್ಟಿಸಿ ನೋಡಬಾರದು. ಮಕ್ಕಳೂ ಅಷ್ಟೇ, ಆಪರೇಷನ್ ಆದವರಂತೂ ಬೇಡವೇ ಬೇಡ. ಕಪ್ಪು ಕನ್ನಡಕ ಬೇಕಾ, ಎಷ್ಟು ದಿನ ಹಾಕಬೇಕು ಎಂಬುದನ್ನು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.

ಇನ್ನು ಡಿಸೆಂಬರ್ ಪ್ರಶ್ನೆ. ನಿಮ್ಮಿಬ್ಬರ ಜಗಳದ ಬೇರು ಅಲ್ಲೇ ಇದೆ, ಮತ್ತು ಅದರಲ್ಲಿ ನೀವಿಬ್ಬರೂ ಹೇಳುತ್ತಿರುವುದು ನಿಜ.

ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಮ್ಮ ರಸ್ತೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೇರಂ ಬೋರ್ಡ್ ನೆನಪಿಸಿಕೊಳ್ಳಿ. ಸ್ಟ್ರೈಕರ್ ಪಕ್ಕದ ಅಂಚಿಗೆ ಓರೆಯಾಗಿ ಬಡಿದಾಗ ಅದರ ಮುನ್ನುಗ್ಗುವ ಓಟ ಹಾಗೇ ಮುಂದುವರಿಯುತ್ತದೆ, ಅಂಚಿನ ಕಡೆಗಿನ ಓಟ ಮಾತ್ರ ತಿರುಗಿಕೊಳ್ಳುತ್ತದೆ. ನೆಟ್ಟಗೆ ನಿಂತ ಗಾಜೂ ಬೆಳಕಿಗೆ ಅಷ್ಟೇ ಮಾಡುತ್ತದೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ ಬೆಳಕು 30 ಡಿಗ್ರಿ ಇಳಿಜಾರಿನಲ್ಲಿ ಗಾಜಿಗೆ ಬೀಳುತ್ತದೆ, ಅದೇ 30 ಡಿಗ್ರಿ ಇಳಿಜಾರಿನಲ್ಲಿ ರಸ್ತೆ ದಾಟುತ್ತದೆ. ಇಳಿಜಾರು ಬದಲಾಗುವುದಿಲ್ಲ. ಉತ್ತರ-ದಕ್ಷಿಣದ ಓಟವೂ ಬದಲಾಗುವುದಿಲ್ಲ. ಪೂರ್ವಕ್ಕೆ ಹೋಗುತ್ತಿದ್ದದ್ದು ಪಶ್ಚಿಮಕ್ಕೆ ತಿರುಗುತ್ತದೆ, ಅಷ್ಟೇ.

ಈಗ ಇದನ್ನು ನಿಮ್ಮ ರಸ್ತೆಗೆ ಹಾಕೋಣ. ಮಾರ್ಚ್ 21ರ ಸಂಜೆ ನಾಲ್ಕಕ್ಕೆ ಮೈಸೂರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 9 ಡಿಗ್ರಿಯಷ್ಟೇ ದಕ್ಷಿಣಕ್ಕಿರುತ್ತಾನೆ. ಹಾಗಾಗಿ ಬೆಳಕು ಗಾಜಿನಿಂದ ನಿಮ್ಮ ಮನೆಗೆ ಬರುವ 50 ಅಡಿಯಲ್ಲಿ ಉತ್ತರಕ್ಕೆ ಸರಿಯುವುದು ಸುಮಾರು 8 ಅಡಿ ಮಾತ್ರ. ಎದುರು ಕಟ್ಟಡ ನಿಮ್ಮ ಕಿಟಕಿಯ ಎರಡೂ ಕಡೆಗೆ 20-20 ಅಡಿ ಹರಡಿದೆ ಎಂದುಕೊಂಡರೆ, ನಿಮಗೆ ಬೆಳಕು ಕಳಿಸುವ ಜಾಗದಲ್ಲಿ ಗಾಜು ಇದ್ದೇ ಇದೆ. ಡಿಸೆಂಬರ್ 21ರ ಸಂಜೆ ನಾಲ್ಕಕ್ಕೆ ಅದೇ ಸೂರ್ಯ ಸುಮಾರು 34 ಡಿಗ್ರಿ ದಕ್ಷಿಣಕ್ಕೆ ಜಾರಿರುತ್ತಾನೆ. ಆಗ ಬೆಳಕು ರಸ್ತೆ ದಾಟುವಷ್ಟರಲ್ಲಿ 34 ಅಡಿ ಉತ್ತರಕ್ಕೆ ಸರಿಯುತ್ತದೆ. ಅದು ನಿಮ್ಮ ಕಿಟಕಿಗೆ ಬೀಳಬೇಕಾದರೆ ಕಟ್ಟಡದ ದಕ್ಷಿಣದ ಅಂಚಿನಿಂದ ಇನ್ನೂ 14 ಅಡಿ ಆಚೆ ಗಾಜು ಇರಬೇಕಿತ್ತು. ಅಲ್ಲಿ ಗಾಜಿಲ್ಲ. ಗಾಜು ಅದೇ, ಸೂರ್ಯನೂ ಅದೇ, ಆದರೆ ಬೆಳಕು ಹೋಗಿದ್ದು ನಿಮ್ಮ ಉತ್ತರದ ಪಕ್ಕದ ಮನೆಗೆ. ಒಮ್ಮೆ ಅವರನ್ನು ಕೇಳಿ ನೋಡಿ. ಧನುರ್ಮಾಸದ ಸಂಜೆಗಳಲ್ಲಿ ಅವರ ಮನೆಯೊಳಗೆ ಬಂದಿರಲೇಬೇಕು, ನಡುವೆ ಮರಗಿರ ಅಡ್ಡ ಇಲ್ಲದಿದ್ದರೆ.

ಇದು ವರ್ಷವಿಡೀ ಇರುತ್ತದಾ ಅಂದರೆ, ಇಲ್ಲ. ನಿಮ್ಮ ಅಳತೆಯಲ್ಲಿ ಜನವರಿ ಕೊನೆಗೆ ಸಂಜೆ ಸ್ವಲ್ಪ ಹೊತ್ತು ಇಣುಕಲು ಶುರುವಾಗಿ ಫೆಬ್ರವರಿ ಮಧ್ಯದ ಹೊತ್ತಿಗೆ ಜೋರಾಗುತ್ತದೆ. ನೀವು ಶಿವರಾತ್ರಿ ಅಂದಿರಲ್ಲ, ಲೆಕ್ಕ ಸರಿಯಾಗೇ ಕೂತಿದೆ. ಮಾರ್ಚ್, ಏಪ್ರಿಲ್ ಅತಿ ಕೆಟ್ಟ ತಿಂಗಳು. ಜೂನ್‌ನಲ್ಲಿ ಸೂರ್ಯ ಪಶ್ಚಿಮಕ್ಕಿಂತ 20 ಡಿಗ್ರಿ ಉತ್ತರಕ್ಕೆ ಬಂದಿರುತ್ತಾನೆ, ಆಗ ಕಟ್ಟಡದ ಉತ್ತರದ ಅಂಚಿನ ಗಾಜಿನಿಂದ ಮಾತ್ರ ನಿಮಗೆ ಬೆಳಕು, ಅದೂ ಮಳೆಗಾಲದ ಮೋಡ ಬಿಟ್ಟರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೆ ಈಗಿನ ಹಾಗೇ ಆಗುತ್ತದೆ. ನವೆಂಬರ್ ಮಧ್ಯಕ್ಕೆ ನಿಲ್ಲುತ್ತದೆ. ಒಂದು ಎಚ್ಚರಿಕೆ: ಸೈಟುಗಳು ನೇರ ಪೂರ್ವ-ಪಶ್ಚಿಮಕ್ಕೆ ಇರುವುದು ಕಡಿಮೆ. ಗಾಜಿನ ಮೈ ಒಂದು ಡಿಗ್ರಿ ತಿರುಗಿದರೆ ತಿರುಗಿ ಬರುವ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಹಾಗಾಗಿ ನಾನು ಹೇಳಿದ ತಾರೀಖುಗಳು ಒಂದೆರಡು ವಾರ ಹಿಂದೆ ಮುಂದೆ ಆಗಬಹುದು. ಫೋನಿನ ಕಂಪಾಸ್ ಹಿಡಿದು ಅವರ ಗೋಡೆಯ ದಿಕ್ಕು ನೋಡಿ ಬರೆದಿಟ್ಟುಕೊಳ್ಳಿ. ಕಬ್ಬಿಣದ ಗೇಟಿನ ಪಕ್ಕ ನಿಂತು ನೋಡಬೇಡಿ, ಮುಳ್ಳು ತಪ್ಪು ತೋರಿಸುತ್ತದೆ.

ಹೊತ್ತಿನ ಲೆಕ್ಕ ಇನ್ನೂ ಸುಲಭ. ಗ್ರಾಫ್ ಹಾಳೆ ತಗೊಳ್ಳಿ. ಒಂದು ಸೆಂಟಿಮೀಟರಿಗೆ 5 ಅಡಿ. ನಿಮ್ಮ ಕಿಟಕಿಯ ಮಧ್ಯ ನೆಲದಿಂದ 5 ಅಡಿ ಎತ್ತರ ಎಂದುಕೊಂಡು ಅಲ್ಲೊಂದು ಚುಕ್ಕೆ ಇಡಿ. ಅದರಿಂದ 10 ಸೆಂಟಿಮೀಟರ್ ಆಚೆ ಎದುರು ಗಾಜನ್ನು ನೆಟ್ಟಗೆ ಗೆರೆ ಹಾಕಿ. ಅದರ ತುದಿ ನಿಮ್ಮ ಚುಕ್ಕೆಗಿಂತ 8 ಸೆಂಟಿಮೀಟರ್ ಮೇಲೆ. ಚುಕ್ಕೆಯಿಂದ ಆ ತುದಿಗೆ ಗೆರೆ ಎಳೆದು ಕೋನಮಾಪಕ ಇಟ್ಟರೆ 38-39 ಡಿಗ್ರಿ ಬರುತ್ತದೆ. ಅಂದರೆ ಸೂರ್ಯ 39 ಡಿಗ್ರಿಗೆ ಇಳಿಯುವ ತನಕ ನಿಮಗೆ ಏನೂ ಬರುವುದಿಲ್ಲ. ಮಾರ್ಚ್ ಮೂರನೇ ವಾರದಲ್ಲಿ ಅದು ನಾಲ್ಕಕ್ಕೆ ಹತ್ತು ನಿಮಿಷ ಮುಂಚೆ. ಆಗ ಬೆಳಕು ಬರುವುದು ಮೂರನೇ ಮಹಡಿಯ ತುದಿಯಿಂದ. ಸೂರ್ಯ ಇಳಿದಂತೆ ಬೆಳಕು ಬರುವ ಜಾಗ ಗಾಜಿನ ಮೇಲೆ ಕೆಳಗಿಳಿಯುತ್ತದೆ, ನಿಮ್ಮ ಹಾಲಿನೊಳಗೆ ಮಾತ್ರ ಬೆಳಕು ಒಳಕ್ಕೆ ಹೋಗಿ ಮೇಲಕ್ಕೇರುತ್ತದೆ. ಮೊದಲು ನೆಲ, ಆಮೇಲೆ ಸೋಫಾ, ಐದರ ಮೇಲೆ ಹಿಂದಿನ ಗೋಡೆ, ಹೀಗೇ ಆಗುತ್ತಿದೆ ಅಲ್ವಾ? ಐದೂವರೆಗೆ ಸೂರ್ಯ ಸುಮಾರು 15 ಡಿಗ್ರಿಗೆ ಬಂದಿರುತ್ತಾನೆ. ಅಲ್ಲಿಗೆ ನಿಲ್ಲುತ್ತದೆ ಅಂದರೆ ನಿಮ್ಮ ಹಿಂದಿನ ಸಾಲಿನ ಮನೆಗಳೋ ಮರಗಳೋ ಅಡ್ಡ ಬರುತ್ತಿವೆ.

ಈ 15 ಡಿಗ್ರಿಯ ಗೆರೆಯನ್ನೂ ಅದೇ ಹಾಳೆಯಲ್ಲಿ ಎಳೆದು ನೋಡಿ. ಅದು ಗಾಜನ್ನು ಮುಟ್ಟುವುದು ನೆಲದಿಂದ 18 ಅಡಿ ಎತ್ತರದಲ್ಲಿ. ಅದಕ್ಕಿಂತ ಕೆಳಗಿನ ಗಾಜಿನಿಂದ ನಿಮಗೆ ತೊಂದರೆಯೇ ಇಲ್ಲ! ಇಡೀ ಮುಂಭಾಗ ಅಲ್ಲ, ಮುಖ್ಯವಾಗಿ ಎರಡು ಮತ್ತು ಮೂರನೇ ಮಹಡಿಯ ಗಾಜು. ಇದನ್ನು ನೆನಪಿಡಿ, ಎದುರು ಮನೆಯವರ ಜೊತೆ ಮಾತಿಗೆ ಕೂರುವಾಗ ಬೇಕಾಗುತ್ತದೆ.

ಬೆಂಕಿಯ ಮಾತು. ನಿಮ್ಮ ಮೈದುನ ಹೇಳಿದ ಘಟನೆ ಸುಳ್ಳಲ್ಲ. 2013ರಲ್ಲಿ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಎದುರು ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳು ಕರಗಿದವು. ಅದನ್ನು ವಿನ್ಯಾಸ ಮಾಡಿದ ರಫೇಲ್ ವಿನ್ಯೋಲಿಯವರದ್ದೇ ಇನ್ನೊಂದು ಕಟ್ಟಡ, ಲಾಸ್ ವೇಗಸ್‌ನ ವ್ಡಾರಾ ಹೋಟೆಲು. ಅಲ್ಲಿ 2010ರಲ್ಲಿ ಈಜುಕೊಳದ ಹತ್ತಿರ ಕೂತವರಿಗೆ ಹೀಗೇ ಬಿಸಿ ತಟ್ಟಿತ್ತು. ಎರಡೂ ಕಟ್ಟಡಗಳ ಮುಖ ಒಳಕ್ಕೆ ಬಾಗಿದೆ, ಅಂದರೆ ನಿಮ್ನ ದರ್ಪಣದ ಆಕಾರ. ಅಂಥ ಮುಖದಲ್ಲಿ ಪ್ರತಿ ಗಾಜೂ ಪಕ್ಕದ್ದಕ್ಕಿಂತ ಸ್ವಲ್ಪ ಬೇರೆ ಕೋನದಲ್ಲಿ ನಿಂತು, ತನ್ನ ಪಾಲಿನ ಬೆಳಕನ್ನು ಒಂದೇ ಜಾಗಕ್ಕೆ ಕಳಿಸುತ್ತದೆ. ಲಂಡನ್ನಿನವರು 2014ರಲ್ಲಿ ಆ ಮುಖಕ್ಕೆ ಅಡ್ಡಪಟ್ಟಿಗಳನ್ನು ಹಾಕಿ ಸರಿ ಮಾಡಿದರು. ಲಾಸ್ ಏಂಜಲೀಸ್‌ನ ಡಿಸ್ನಿ ಕನ್ಸರ್ಟ್ ಹಾಲ್‌ನಲ್ಲಿ ಗಾಜಲ್ಲ, ಹೊಳೆಯುವ ಸ್ಟೀಲ್ ತಗಡು. 2005ರಲ್ಲಿ ಅದನ್ನು ಉಜ್ಜಿ ಮಂಕು ಮಾಡಿದರು.

ನಿಮ್ಮ ಎದುರಿನದು ಚಪ್ಪಟೆ ಮುಖ. ಚಪ್ಪಟೆ ಗಾಜು ಬೆಳಕನ್ನು ಒಟ್ಟುಗೂಡಿಸಲಾರದು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ಚಪ್ಪಟೆ ಗಾಜಿನಿಂದ ಹೊರಟ ಬೆಳಕು 50 ಅಡಿ ದಾಟುವಷ್ಟರಲ್ಲಿ ಅದರ ಅಂಚು ಐದೂವರೆ ಇಂಚಿನಷ್ಟು ಹರಡಿ ಮಸುಕಾಗುತ್ತದೆ. ಚಪ್ಪಟೆ ಕನ್ನಡಿಗಳಿಂದ ಬೆಂಕಿ ಹೊತ್ತಿಸಲು ಏನು ಬೇಕು ಎಂದು 2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಮಾಡಿ ನೋಡಿದ್ದಾರೆ. ಒಂದೊಂದು ಅಡಿಯ 127 ಕನ್ನಡಿಗಳನ್ನು ಕೈಯಾರೆ ಒಂದೇ ಜಾಗಕ್ಕೆ ಗುರಿಯಿಟ್ಟು, 100 ಅಡಿ ದೂರದ ಅಲುಗಾಡದ ಮರದ ಹಡಗಿನ ಮಾದರಿಗೆ ಬೆಂಕಿ ಹತ್ತಿಸಿದರು. ಅವು ನೂರಕ್ಕೆ ತೊಂಬತ್ತರಷ್ಟು ಬೆಳಕನ್ನು ತಿರುಗಿಸುವ ನಿಜವಾದ ಕನ್ನಡಿಗಳು. ನೀಲಿ ಕಟ್ಟಡದ ಗಾಜು ಸಾಮಾನ್ಯವಾಗಿ ನೂರಕ್ಕೆ 15ರಿಂದ 30ರಷ್ಟನ್ನೇ ತಿರುಗಿಸುತ್ತದೆ. ಹಾಗಾದರೆ ಕಣ್ಣು ಯಾಕೆ ಹೀಗೆ ಕುಕ್ಕುತ್ತದೆ ಅಂದರೆ, ಓದಲು 300 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕಾಗುವ ಹಾಲಿನೊಳಗೆ ಹತ್ತು ಸಾವಿರ ಲಕ್ಸ್ ಮೀರಿ ನುಗ್ಗುತ್ತಿದೆ. ಕಣ್ಣಿಗೆ ಅದು ಬಹಳ, ಪರದೆಗೆ ಬೆಂಕಿ ಹಚ್ಚಲು ಏನೇನೂ ಸಾಲದು. ಸೆಕೆ ಮಾತ್ರ ನಿಜ. 5 ಅಡಿಗೆ 4 ಅಡಿಯ ಕಿಟಕಿಯಿಂದ ಹೆಚ್ಚೆಂದರೆ 300 ವ್ಯಾಟ್ ಶಾಖ ಒಳಗೆ ಬರುತ್ತಿದೆ.

ಆದರೆ ನೀವು ಬರೆದ ಬಿಲ್ಲಿನಾಕಾರದ ಗೆರೆಗಳನ್ನು ನಾನು ಸುಮ್ನೆ ಬಿಡುವುದಿಲ್ಲ. ಅದು ಎದುರಿನ ಗಾಜು ಪೂರ್ತಿ ಚಪ್ಪಟೆ ಇಲ್ಲ ಎಂಬುದರ ಗುರುತು. ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು, ಕಾಯಿಸುವಾಗ ರೋಲರ್ ಮೇಲೆ ಅದು ಸಣ್ಣಗೆ ಅಲೆಅಲೆಯಾಗುತ್ತದೆ. ಎರಡು ಪದರದ ಗಾಜಾದರೆ ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದಾಗ ಗಾಜು ಒಳಕ್ಕೆ ತಗ್ಗುತ್ತದೆ, ಆಗ ಅದು ತೀರಾ ಚಪ್ಪಟೆಯಾದ ನಿಮ್ನ ದರ್ಪಣ. ಬೆಂಗಳೂರಿನ ಎತ್ತರದಲ್ಲಿ ಸೀಲ್ ಮಾಡಿದ ಎರಡು ಪದರದ ಗಾಜನ್ನು ಮಂಗಳೂರಿಗೆ ಇಳಿಸಿದರೆ ಇದು ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಇಂಥ ಕಿಟಕಿಗಳಿಂದ ಪಕ್ಕದ ಮನೆಯ ಪ್ಲಾಸ್ಟಿಕ್ ಗೋಡೆಹೊದಿಕೆ ಕರಗಿದ್ದಿದೆ. ಆ ಗೆರೆಗಳ ಮೇಲೆ ಬೆಳಕು ಸುತ್ತಲಿಗಿಂತ ಎರಡು ಮೂರು ಪಟ್ಟು ಇರಬಹುದು. ಅಲ್ಲೊಂದು ಕಪ್ಪು ಬಟ್ಟೆ ಹತ್ತು ನಿಮಿಷ ತೂಗುಹಾಕಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆ ಇಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಇಲ್ಲವೇ ಗೆರೆಗಳು ಸೇರಿ ಅಂಗೈಯಷ್ಟು ಚಿಕ್ಕ ಜಾಗಕ್ಕೆ ಬರುತ್ತಿದ್ದರೆ, ಆ ಜಾಗದಲ್ಲಿ ಪ್ಲಾಸ್ಟಿಕ್, ಪರದೆ, ಸ್ಕೂಟರ್ ಸೀಟು ಏನೂ ಇಡಬೇಡಿ, ನನಗೆ ಮತ್ತೆ ಬರೆಯಿರಿ. ಹಾಗೆ ನೋಡಿದರೆ ಕಿಟಕಿ ಪಕ್ಕ ಇಡುವ ಮೇಕಪ್ ಕನ್ನಡಿ, ಮುಖ ದೊಡ್ಡದಾಗಿ ಕಾಣುತ್ತದಲ್ಲ ಅದು, ಈ ಕಟ್ಟಡಕ್ಕಿಂತ ಅಪಾಯ. ಅದು ನಿಜವಾದ ನಿಮ್ನ ದರ್ಪಣ, ನೇರ ಬಿಸಿಲು ಬಿದ್ದರೆ ಪರದೆ ಸುಡಬಹುದು. ಲಂಡನ್ನಿನ ಅಗ್ನಿಶಾಮಕ ದಳ ಇದರ ಬಗ್ಗೆ ಜನರನ್ನು ಎಚ್ಚರಿಸಿದೆ.

ಬಾಗಿಲ ಮೇಲೆ ಕನ್ನಡಿ ತೂಗುಹಾಕುವ ಸಲಹೆಗೆ ಬರೋಣ. ನಂಬಿಕೆಯ ವಿಷಯ ನಾನು ಮಾತಾಡುವುದಿಲ್ಲ. ಬೆಳಕು ಮಾತ್ರ ವಾಪಸ್ ಹೋಗುವುದಿಲ್ಲ. ನೆಟ್ಟಗಿರುವ ಕನ್ನಡಿ ಇಳಿಜಾರನ್ನು ಬದಲಿಸುವುದಿಲ್ಲ ಎಂದೆನಲ್ಲ, ಕೆಳಕ್ಕೆ ಬರುತ್ತಿರುವ ಬೆಳಕು ನಿಮ್ಮ ಕನ್ನಡಿಗೆ ಬಡಿದು ಇನ್ನೂ ಕೆಳಕ್ಕೇ ಹೋಗುತ್ತದೆ. 8 ಅಡಿ ಎತ್ತರದ ಕನ್ನಡಿಯಿಂದ ನಾಲ್ಕು ಗಂಟೆಗೆ ಅದು ನಿಮ್ಮ ಗೇಟಿನ ಹತ್ತಿರವೇ ನೆಲ ಮುಟ್ಟುತ್ತದೆ. ಐದೂವರೆಗೆ ರಸ್ತೆಯ ಮಧ್ಯಕ್ಕೆ ಚಾಚುತ್ತದೆ. ಅಷ್ಟು ಹೊತ್ತಿಗೆ ಸ್ಕೂಟರಿನಲ್ಲಿ ಬರುವವರ ಕಣ್ಣಿಗೆ ಸರಿಯಾಗಿ ಬೀಳುತ್ತದೆ. ಎದುರು ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಉಬ್ಬಿದ ಕನ್ನಡಿ, ಅಂದರೆ ಪೀನ ದರ್ಪಣ ಹಾಕಿದರೆ ಬೆಳಕು ಎಲ್ಲ ಕಡೆ ಚದುರಿ ತೆಳುವಾಗುತ್ತದೆ. ಅದರಿಂದ ಹಾನಿ ಕಡಿಮೆ, ಆದರೆ ಉಪಯೋಗವೂ ಇಲ್ಲ, ಹಾಲಿನೊಳಗೆ ಬರುವ ಬಿಸಿಲು ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಬಂದ ದಾರಿಯಲ್ಲೇ ಬೆಳಕನ್ನು ವಾಪಸ್ ಕಳಿಸಬೇಕಾದರೆ ಒಂದಕ್ಕೊಂದು ಲಂಬವಾದ ಮೂರು ಕನ್ನಡಿಗಳ ಮೂಲೆ ಬೇಕು. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರ್ ಒಳಗೆ ಇರುವುದು ಅದೇ, 1969ರಲ್ಲಿ ಅಪೋಲೋ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದದ್ದೂ ಅದೇ ತತ್ವದ್ದು. ಅದನ್ನು ತಂದು ಹಾಕಿದರೂ ಬೆಳಕು ಎದುರಿನ ಗಾಜಿಗೆ ಹೋಗಿ, ಅಲ್ಲಿಂದ ತಿರುಗಿ ಸೂರ್ಯನ ಕಡೆಗೇ ಹೋಗುತ್ತದೆ.

ಇನ್ನು ನಿಮ್ಮ ಕೈಯಲ್ಲಿರುವ ದಾರಿಗಳು. ಸಜ್ಜಾ ಉದ್ದ ಮಾಡಿಸಿ ಎಂದು ಯಾರಾದರೂ ಹೇಳೇ ಹೇಳುತ್ತಾರೆ, ದುಡ್ಡು ಹಾಕಬೇಡಿ. ಎರಡಡಿ ಸಜ್ಜಾ ನಾಲ್ಕಡಿ ಕಿಟಕಿಯ ಅರ್ಧಕ್ಕೂ ನೆರಳು ಕೊಡುವುದಿಲ್ಲ, ಐದು ಗಂಟೆ ಮೇಲಂತೂ ಮುಕ್ಕಾಲು ಅಡಿಯೂ ಇಲ್ಲ. ಕಿಟಕಿಗೆ ಸನ್ ಫಿಲ್ಮ್ ಅಂಟಿಸುವುದು ಆಗುವ ಕೆಲಸ. ಆದರೆ ನಿಮ್ಮದು ಪೂರ್ವದ ಕಿಟಕಿ, ಬೆಳಗಿನ ಬೆಳಕೂ ವರ್ಷವಿಡೀ ಕಡಿಮೆಯಾಗುತ್ತದೆ. ಕಪ್ಪು ಫಿಲ್ಮ್ ಶಾಖ ಹೀರಿಕೊಂಡು ಸಾಮಾನ್ಯ ಗಾಜನ್ನು ಬಿರುಕು ಬಿಡಿಸುವುದೂ ಇದೆ. ಕನ್ನಡಿಯಂಥ ಫಿಲ್ಮ್ ಹಾಕಿದರೆ ರಾತ್ರಿ ಒಳಗೆ ದೀಪ ಹಾಕಿದಾಗ ಹೊರಗಿನವರಿಗೆ ಮನೆಯೊಳಗೆಲ್ಲ ಕಾಣುತ್ತದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಒಳಗಿನ ದಪ್ಪ ಪರದೆ ಕಣ್ಣಿಗೆ ಆರಾಮ ಕೊಡುತ್ತದೆ, ಸೆಕೆಗೆ ಅಲ್ಲ, ಯಾಕೆಂದರೆ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಒಳಗೆ ಬಂದಾಗಿದೆ.

ನಾನಾದರೆ ಕಿಟಕಿಯ ಹೊರಗೆ ಸುತ್ತಿ ಮೇಲೆತ್ತುವ ಬಿದಿರಿನ ಪರದೆ ಹಾಕಿಸುತ್ತೇನೆ. ನಾಲ್ಕಕ್ಕೆ ಇಳಿಸಿ, ಐದೂವರೆಗೆ ಎತ್ತಿ. ಗಾಳಿಗೆ ಬಡಿಯದಂತೆ ಕೆಳಗೆ ಎರಡು ಕೊಕ್ಕೆ ಹಾಕಿಸಿ, ಮಳೆಗಾಲದಲ್ಲಿ ಬಿಚ್ಚಿಡಿ. ಅದರ ಜೊತೆಗೆ ಒಂದು ಗಿಡ. 45 ಅಡಿ ಕಟ್ಟಡಕ್ಕೆ ಅಡ್ಡ ನಿಲ್ಲಲು 45 ಅಡಿ ಮರ ಬೇಕೆಂದು ಜನ ಕೈಬಿಡುತ್ತಾರೆ, ಬೇಕಿಲ್ಲ. ನಿಮ್ಮ ಕಿಟಕಿಯಿಂದ 6 ಅಡಿ ದೂರದಲ್ಲಿ ನೆಟ್ಟರೆ 12 ಅಡಿ ಬೆಳೆದರೆ ಸಾಕು. ಅದೇ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ನೋಡಿ, ನಿಮಗೇ ಗೊತ್ತಾಗುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಎಲೆ ಉದುರಿಸುವ ಜಾತಿ ಬೇಡ, ನಿಮಗೆ ನೆರಳು ಬೇಕಾಗಿರುವುದೇ ಆಗ. ಹೊಂಗೆ ಒಳ್ಳೆಯ ಮರವೇ, ಆದರೆ ಆ ಕಾಲಕ್ಕೆ ಬೋಳಾಗುತ್ತದೆ. ಸೀಬೆ ಗಿಡ ಸರಿಹೋಗುತ್ತದೆ, ಎಲೆ ವರ್ಷವಿಡೀ ಇರುತ್ತದೆ, ಹಣ್ಣೂ ಸಿಗುತ್ತದೆ. ಅಷ್ಟು ಎತ್ತರಕ್ಕೆ ಬರಲು ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಬಿದಿರಿನ ಪರದೆ.

ಎದುರು ಮನೆಯವರ ಕಡೆಯಿಂದ ಆಗಬೇಕಾದದ್ದು ಇದಕ್ಕಿಂತ ಒಳ್ಳೆಯ ಪರಿಹಾರ, ಯಾಕೆಂದರೆ ಡಿಸೆಂಬರ್‌ನಲ್ಲಿ ನಿಮ್ಮ ಪಕ್ಕದ ಮನೆಯವರಿಗೂ ಅದರಿಂದ ಅನುಕೂಲ. ಗಾಜಿನ ಹೊರಮೈಗೆ ಹೊಳಪಿಲ್ಲದ ಫಿಲ್ಮ್ ಹಾಕಬಹುದು. ಬೆಳಕು ಆಗಲೂ ತಿರುಗುತ್ತದೆ, ಆದರೆ ಒಂದೇ ಕಡೆಗಲ್ಲ, ಎಲ್ಲ ಕಡೆಗೂ ಚದುರುತ್ತದೆ. ಹೊರಗಿನ ಫಿಲ್ಮ್ ಬಿಸಿಲು ಮಳೆಗೆ ಕೆಲವೇ ವರ್ಷಕ್ಕೆ ಹಾಳಾಗುತ್ತದೆ, ಗಾಜಿನ ಗ್ಯಾರಂಟಿಯೂ ಹೋಗಬಹುದು, ಅದನ್ನು ಅವರು ಮೊದಲೇ ಕೇಳಿಕೊಳ್ಳಲಿ. ಹೆಚ್ಚು ಬಾಳಿಕೆ ಬರುವುದು ಗಾಜಿನ ಮುಂದೆ ಅಡ್ಡಪಟ್ಟಿಗಳು, ಲಂಡನ್ನಿನಲ್ಲಿ ಮಾಡಿದ ಹಾಗೆ. ಅವರಿಗೂ ಲಾಭ ಇದೆ, ಪಶ್ಚಿಮಕ್ಕೆ ಪೂರ್ತಿ ಗಾಜು ಹಾಕಿಸಿದವರ ಮನೆಯೊಳಗೆ ಸಂಜೆ ಸೆಕೆ ನಿಮಗಿಂತ ಜಾಸ್ತಿ ಇರುತ್ತದೆ. ಗಾಜನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಬೆಳಕು ರಸ್ತೆಗೆ ಬೀಳುತ್ತದೆ ಎಂದು ಕಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ. 5 ಡಿಗ್ರಿ ಬಾಗಿಸಿದರೆ ಬೆಳಕು 10 ಡಿಗ್ರಿ ಕೆಳಗಿಳಿಯುತ್ತದೆ ನಿಜ, ಆದರೆ ಆಗ 29 ಡಿಗ್ರಿಯ ಸೂರ್ಯ ನಿಮಗೆ 39 ಡಿಗ್ರಿಯಲ್ಲಿ ಬರುತ್ತಾನೆ. ಬಿಸಿಲು ಹೋಗುವುದಿಲ್ಲ, ಮುಕ್ಕಾಲು ಗಂಟೆ ತಡವಾಗಿ ಶುರುವಾಗುತ್ತದೆ.

ಮಾತಾಡಲು ಹೋಗುವ ಮುಂಚೆ ಒಂದು ವಾರ ಈ ಕೆಲಸ ಮಾಡಿ. ಹಾಲಿನ ನೆಲ, ಗೋಡೆಯ ಮೇಲೆ ಬೆಳಕಿನ ಅಂಚಿಗೆ ಕಾಲು ಗಂಟೆಗೊಮ್ಮೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ತಾರೀಖು ಬರೆಯಿರಿ. ಆಮೇಲೆ ಎದುರು ಮನೆಯವರನ್ನು ಸಂಜೆ ನಾಲ್ಕೂವರೆಗೆ ಕಾಫಿಗೆ ಕರೆದು ಅತ್ತೆಯ ಕುರ್ಚಿಯಲ್ಲೇ ಕೂರಿಸಿ. ಗ್ರಾಫ್ ಹಾಳೆ ತೋರಿಸಿ, ಪೂರ್ತಿ ಗಾಜು ತೆಗೆಯಿರಿ ಎನ್ನುತ್ತಿಲ್ಲ, ಮೇಲಿನ ಎರಡು ಮಹಡಿ ಮಾತ್ರ ಎಂದು ಹೇಳಿ. ಡಿಸೆಂಬರ್ ಪ್ರಶ್ನೆಗೆ ರಸ್ತೆಯನ್ನು ಮೇಲಿನಿಂದ ನೋಡಿದ ಹಾಗೆ ಇನ್ನೊಂದು ಹಾಳೆಯಲ್ಲಿ ಬರೆದು, ಆ 8 ಅಡಿ, 34 ಅಡಿಯ ಲೆಕ್ಕ ತೋರಿಸಿ. ಕೋರ್ಟಿಗೆ ಹೋಗುವ ದಾರಿಯೂ ಇದೆ, ನೆರೆಯವರಿಂದ ಆಗುವ ಉಪದ್ರವಕ್ಕೆ ಸಿವಿಲ್ ದಾವೆ ಹೂಡಬಹುದು, ಅದನ್ನು ವಕೀಲರ ಹತ್ತಿರ ಕೇಳಿ. ಆದರೆ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಆಮೇಲೂ ನೀವು ಎದುರುಬದುರಾಗೇ ಬಾಳಬೇಕು. ಸೆಪ್ಟೆಂಬರ್‌ನಲ್ಲಿ ಈ ಬಿಸಿಲು ಮತ್ತೆ ಜೋರಾಗುವ ಮುಂಚೆ ಏನಾದರೂ ಒಪ್ಪಿಗೆಗೆ ಬಂದರೆ, ಅವರು ಫಿಲ್ಮ್ ಆರ್ಡರ್ ಮಾಡುವ ಮೊದಲು ಒಂದೇ ಒಂದು ಗಾಜಿಗೆ ಹಾಕಿಸಿ ನೋಡಲಿ. ಮೂರನೇ ಮಹಡಿಯಲ್ಲಿ, ನಿಮ್ಮ ಕಿಟಕಿಯ ನೇರಕ್ಕಿಂತ ಸ್ವಲ್ಪ ದಕ್ಷಿಣಕ್ಕಿರುವ ಗಾಜಿಗೆ. ಸೆಪ್ಟೆಂಬರ್ ಮೂರನೇ ವಾರದ ಸಂಜೆ ಆ ಗಾಜಿನ ಸರದಿ ಬಂದಾಗ ನಿಮ್ಮ ಹಾಲಿನಲ್ಲಿ ಏನಾಗುತ್ತದೆ ಎಂದು ಇಬ್ಬರೂ ನೋಡಿ, ಸರಿ ಅನ್ನಿಸಿದರೆ ಉಳಿದದ್ದಕ್ಕೆ ಹಾಕಿಸಲಿ.